ಡೀಸೆಲ್ ಯಂತ್ರದ ಫಿಲ್ಟರ್ ಸೋರಿದರೆ

ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯೂ ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆಯೂ ಹರಿಯುತ್ತಿದ್ದರೂ, ದಿಬ್ಬದ ಹೊಲಕ್ಕೆ ನೀರು ತಾನಾಗಿ ಏರಲಾರದು. ವಿದ್ಯುತ್ತು ಇಲ್ಲದೆಡೆಯಲ್ಲಿ ಆ ಭಾರವನ್ನು ಹೊರುವುದು ಡೀಸೆಲ್ ಪಂಪು. ಭತ್ತವು ತೆನೆಗಟ್ಟುವ ಹೊತ್ತಿನಲ್ಲಿ ಅದು ನಿಂತಿತೆಂದರೆ ಒಕ್ಕಲಿನ ವರ್ಷದ ದುಡಿಮೆಗೇ ಕೇಡು. ಆದುದರಿಂದ ಈ ತಿಂಗಳು ಅದರ ಒಂದು ಸಾಮಾನ್ಯ ವ್ಯಾಧಿಯನ್ನು ವಿಚಾರಿಸುವೆವು.

ವೈದ್ಯಶಾಸ್ತ್ರದಲ್ಲಿ ಮೊದಲು ನಿದಾನ, ಅನಂತರ ಚಿಕಿತ್ಸೆ. ಯಂತ್ರಕ್ಕೂ ಇದೇ ನ್ಯಾಯವು ಸಲ್ಲುತ್ತದೆ. ಫಿಲ್ಟರಿನ ಬುಡದಲ್ಲಿ ಎಣ್ಣೆ ತೊಟ್ಟಿಕ್ಕುವುದನ್ನು ಕಂಡೊಡನೆ ಪಾನೆ ಹಿಡಿದು ಬಲವಾಗಿ ಬಿಗಿಯುವವರೇ ಬಹುಮಂದಿ. ಆದರೆ ತೊಟ್ಟು ಬೀಳುವ ಸ್ಥಳವೇ ಸೋರುವ ಸ್ಥಳವೆಂಬ ನಿಯಮವಿಲ್ಲ. ಮೇಲಿನ ಸಂದಿನಿಂದ ಹೊರಟ ಎಣ್ಣೆಯೂ ಮೈಗುಂಟ ಇಳಿದು ಬುಡದಲ್ಲಿಯೇ ತೊಟ್ಟಾಗುತ್ತದೆ. ಯಂತ್ರವನ್ನು ನಿಲ್ಲಿಸಿ, ತಣಿದ ಮೇಲೆ ಫಿಲ್ಟರನ್ನೂ ಕೊಳವೆಗಳನ್ನೂ ಒಣಬಟ್ಟೆಯಿಂದ ಒರೆಸಿ, ಟ್ಯಾಂಕಿನ ಕಾಕನ್ನು ತೆರೆದು ಕಾಯತಕ್ಕದ್ದು. ಮೊದಲು ಒದ್ದೆಯಾಗುವ ಸಂದೇ ದೋಷಸ್ಥಾನವು.

ನೋಡಬೇಕಾದ ಸ್ಥಾನಗಳು ನಾಲ್ಕು: ಬಟ್ಟಲಿನ ಬಾಯಿಯ ರಬ್ಬರ್ ಉಂಗುರ, ಕೊಳವೆಯ ಬೋಲ್ಟಿನ ತಾಮ್ರದ ವಾಷರ್, ಗಾಳಿ ಬಿಡುವ ತಿರುಪು, ನೀರು ತೆಗೆಯುವ ತಿರುಪು. ರಬ್ಬರು ಕಾವಿನಿಂದಲೂ ಕಾಲದಿಂದಲೂ ಗಟ್ಟಿಯಾಗಿ ಬಿರಿಯುತ್ತದೆ. ಹಳೆಯ ಉಂಗುರವು ಅಂಟಿಕೊಂಡಿರುವಾಗಲೇ ಅದರ ಮೇಲೆ ಹೊಸದನ್ನು ಕೂರಿಸಿದರೆ ಸೋರುವುದು ನಿಶ್ಚಯ. ಒಮ್ಮೆ ಒತ್ತಿಹೋದ ತಾಮ್ರದ ವಾಷರಿಗಿಂತ ಹೊಸದೇ ಲೇಸು. ಅತಿಯಾಗಿ ಬಿಗಿದರೆ ಉಂಗುರ ಹೊರಜಾರುತ್ತದೆ, ಇಲ್ಲವೆ ತಿರುಪಿನ ಸುತ್ತು ಕೆಡುತ್ತದೆ.

ತೊಟ್ಟು ಕಾಣದ ಸೋರಿಕೆಯೂ ಉಂಟು. ಅನೇಕ ಟ್ರ್ಯಾಕ್ಟರುಗಳಲ್ಲಿ ಫೀಡ್ ಪಂಪು ಟ್ಯಾಂಕಿನ ಎಣ್ಣೆಯನ್ನು ಹೀರಿಕೊಳ್ಳುತ್ತದೆ. ಆ ಹೀರುವ ಭಾಗದ ಸಂದು ಸಡಿಲವಾದರೆ ಎಣ್ಣೆ ಹೊರಬೀಳದೆ ಗಾಳಿ ಒಳಹೊಗುವುದು. ಯಂತ್ರವು ತಡವರಿಸಿ ನಿಲ್ಲುವುದು.

ಹೊಸ ಉಂಗುರಕ್ಕೆ ಡೀಸೆಲ್ ಸವರಿ ಕೂರಿಸಿ, ಗಾಳಿಯ ತಿರುಪನ್ನು ಸಡಿಲಿಸಿ, ಗುಳ್ಳೆಯಿಲ್ಲದ ಎಣ್ಣೆ ಬರುವವರೆಗೆ ಬಿಟ್ಟು ಮುಚ್ಚಬೇಕು. ಆ ಎಣ್ಣೆಯನ್ನು ಪಾತ್ರೆಯಲ್ಲಿ ಹಿಡಿಯಬೇಕು. ಕಾಲುವೆಯ ನೀರನ್ನು ದನಕರುಗಳು ಕುಡಿಯುತ್ತವೆ. ಕಾದ ಸೈಲೆನ್ಸರಿನ ಮೇಲೆ ಚೆಲ್ಲಿದರೆ ಬೆಂಕಿಯ ಭಯ.

ಕೊನೆಯದಾಗಿ ನಾವು ಒತ್ತಿ ಹೇಳುವ ಮಾತೊಂದುಂಟು. ಫಿಲ್ಟರನ್ನು ದಾಟಿ ಇಂಜೆಕ್ಟರಿಗೆ ಹೋಗುವ ಸಣ್ಣ ಉಕ್ಕಿನ ಕೊಳವೆಗಳಲ್ಲಿ ಒತ್ತಡವು ಅತಿ ಹೆಚ್ಚು. ಯಂತ್ರವು ಓಡುತ್ತಿರುವಾಗ ಅಲ್ಲಿಯ ಸೋರಿಕೆಯನ್ನು ಬೆರಳಿನಿಂದ ಎಂದಿಗೂ ಮುಟ್ಟಿ ನೋಡಬಾರದು. ಆ ಧಾರೆಯು ಸೂಜಿಯಂತೆ ಚರ್ಮವನ್ನು ತೂರಬಲ್ಲದು. ಗಾಯ ಸಾಸಿವೆಯಷ್ಟೇ ಕಂಡರೂ ಒಳಗಿನ ಮಾಂಸ ಕೊಳೆತು ಬೆರಳೇ ಹೋಗಬಹುದು. ಹಾಗಾದಲ್ಲಿ ನೋವನ್ನು ಕಾಯದೆ ತತ್‌ಕ್ಷಣ ಆಸ್ಪತ್ರೆಗೆ ಒಯ್ಯತಕ್ಕದ್ದು. ಪಂಪಿನ ಬಳಿ ಕೆಲಸ ಮಾಡುವ ಮನೆಯ ಹುಡುಗರಿಗೆ ವಾಚಕರು ಇದನ್ನು ಇಂದೇ ತಿಳಿಸಿಡಬೇಕು.