ಜಾಣಪೆದ್ದ ಯಾರು?

ನಾವು ಎರಡನೇ ಬಿ.ಎ. ಓದುವಾಗ ಹಾಸ್ಟೆಲಿನ ನಾಲ್ಕು ಜನ ಇಂಗ್ಲಿಷ್ ಕ್ಲಾಸಿನಲ್ಲಿ ಎದ್ದು ನಿಂತು ಕೇಳಿದೆವು: ವರ್ಷ ಮುಗೀತಾ ಬಂತು, ನಮ್ಮ ಸ್ಕಾಲರ್‌ಶಿಪ್ ಎಲ್ಲಿ ಸಾರ್? ಮೇಷ್ಟ್ರು ಅದಕ್ಕೆ ಉತ್ತರ ಕೊಡಲಿಲ್ಲ. ಬೋರ್ಡಿನ ಮೇಲೆ ಒಂದು ಪದ ಬರೆದರು: ಸಾಫೊಮೋರ್. "ಅಮೆರಿಕದಲ್ಲಿ ಎರಡನೇ ವರ್ಷದವರನ್ನ ಹೀಗಂತಾರೆ. ಗ್ರೀಕಿನಲ್ಲಿ ಸೋಫೋಸ್ ಅಂದರೆ ಜಾಣ, ಮೋರೋಸ್ ಅಂದರೆ ಪೆದ್ದ. ಜಾಣಪೆದ್ದ! ಎಷ್ಟು ಸರಿಯಾಗಿದೆ ನೋಡಿ" ಅಂದು ನಮ್ಮ ಬೆಂಚಿನ ಕಡೆ ತಿರುಗಿದರು. ಕ್ಲಾಸು ನಕ್ಕಿತು. ನಾವು ಕೂತೆವು.

ಅವತ್ತು ನಮ್ಮ ಹತ್ತಿರ ಉತ್ತರ ಇರಲಿಲ್ಲ. ಈಗ ಇದೆ. ಆ ಅರ್ಥ ಆಮೇಲೆ ಅಂಟಿಸಿದ್ದು.

ಪದ ಹುಟ್ಟಿದ್ದು ಅಮೆರಿಕದಲ್ಲಲ್ಲ, ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ. 17ನೇ ಶತಮಾನದಲ್ಲಿ ಅಲ್ಲಿ ಎದುರುಬದುರು ನಿಂತು ವಾದ ಮಾಡುವುದು ಓದಿನ ಮುಖ್ಯ ಭಾಗ. ಸೋಫಿಸಂ ಎಂಬುದರ ಹಳೇ ರೂಪ ಸೋಫಮ್, ಅಂದರೆ ವಾದ. ಅದರಿಂದ ಸೋಫಮರ್: ವಾದ ಮಾಡುವವನು. 1688ರಲ್ಲಿ ಅಚ್ಚಾದ ಒಂದು ಪುಸ್ತಕದಲ್ಲಿ ಅಲ್ಲಿನ ಮೆಟ್ಟಿಲುಗಳ ಪಟ್ಟಿಯೇ ಇದೆ. ಕೆಳಗೆ ಫ್ರೆಷ್‌ಮನ್, ಅದರ ಮೇಲೆ ಇವನು. ಪದ ಕಡಲು ದಾಟಿ ಹಾರ್ವರ್ಡಿಗೆ ಹೋಯಿತು. ಇಂಗ್ಲೆಂಡಿನಲ್ಲಿ ಬಳಕೆ ತಪ್ಪಿತು, ಅಮೆರಿಕದಲ್ಲಿ ಉಳಿಯಿತು. ಇವತ್ತು ಅಲ್ಲಿ ಕಾಲೇಜಿನ ಎರಡನೇ ವರ್ಷದವರಿಗೂ, ಹೈಸ್ಕೂಲಿನ ಹತ್ತನೇ ತರಗತಿಯವರಿಗೂ, ಹಾಡುಗಾರನ ಎರಡನೇ ಆಲ್ಬಮ್ಮಿಗೂ ಅದೇ ಹೆಸರು. 'ಸಾಫೊಮೋರಿಕ್' ಅಂದರೆ ಮಾತ್ರ ಬೈಗುಳ: ಅರೆಬರೆ ತಿಳಿದು ದೊಡ್ಡ ಮಾತಾಡೋನು.

ವಾದ ಮಾಡೋನು ಪೆದ್ದ ಆದದ್ದು ಹೇಗೆ? ಗ್ರೀಕ್ ಬಲ್ಲ ದೊಡ್ಡವರು ಪದದ ಬಾಲ ಹಿಡಿದು 'ಮೋರೋಸ್' ಎಂದು ಓದಿಕೊಂಡರು, ತಮಾಷೆಯೇ ಅರ್ಥವಾಯಿತು. ಈ ಕೆಲಸ ನಮಗೆ ಹೊಸದೇನಲ್ಲ. ನಮ್ಮವರು ಬಾಯಿ ಬಿಟ್ಟ ಕೂಡಲೇ 'ತುಂಬಿದ ಕೊಡ ತುಳುಕಲ್ಲ' ಅಂತ ಗಾದೆ ಎಸೀತಾರೆ. ಸ್ವಾಮಿ, ಕೊಡ ತುಂಬಿಸೋಕೆ ಕೆರೆ ಬಾವಿಗೆ ಇಳಿಯೋಕೇ ಬಿಡದವರು ಯಾರು? 1927ರಲ್ಲಿ ಮಹಾಡದ ಚವದಾರ ಕೆರೆಯಲ್ಲಿ ಬಾಬಾಸಾಹೇಬರು ಒಂದು ಬೊಗಸೆ ನೀರು ಕುಡಿದದ್ದಕ್ಕೆ ನಮ್ಮ ಜನರ ಮೇಲೆ ದೊಣ್ಣೆ ಬಿತ್ತು. 1973ರಲ್ಲಿ ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಪಾಲು ಬೂಸಾ ಅಂದರು. ಅದೊಂದು ವಾದ, ಎದುರು ವಾದ ಹೂಡಬಹುದಿತ್ತು. ಹೂಡಿದ್ದು ಕಲ್ಲು. ದಲಿತ ವಿದ್ಯಾರ್ಥಿಗಳಿಗೆ ಏಟು ಬಿತ್ತು, ಅವರ ಮಂತ್ರಿಗಿರಿ ಹೋಯಿತು.

ಅದೇ ಬಾಬಾಸಾಹೇಬರು 1916ರ ಮೇ ತಿಂಗಳಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಸೆಮಿನಾರಿನಲ್ಲಿ ಭಾರತದ ಜಾತಿಗಳ ಬಗ್ಗೆ ಪ್ರಬಂಧ ಓದಿದಾಗ ಅವರಿಗೆ 25 ವರ್ಷ. (ಆಗಲೇ ಎಂ.ಎ. ಮುಗಿಸಿದ್ದರು, ಸಾಫೊಮೋರ್ ಅಲ್ಲ. ಆದರೆ ಪದದ ಹಳೇ ಅರ್ಥದಲ್ಲಿ ಅವರೇ ನಿಜವಾದ ಸೋಫಮರ್.) ದೊಡ್ಡ ದೊಡ್ಡ ಪಂಡಿತರ ಸಿದ್ಧಾಂತಗಳನ್ನ ಒಂದೊಂದಾಗಿ ಎದುರಿಸಿದರು. ಆ ಹುಡುಗನನ್ನ ಅರೆಜಾಣ ಅಂತ ಕೂರಿಸಿದ್ದರೆ?

ಇನ್ನೊಂದು ಮಾತು, ಇದು ನಮಗೇ ಕಹಿ. ಅಮೆರಿಕದ ಕಾಲೇಜುಗಳಲ್ಲಿ ಹೊಸ ಹುಡುಗರನ್ನ ಪೀಡಿಸುತ್ತಿದ್ದವರು ಮುಖ್ಯವಾಗಿ ಈ ಎರಡನೇ ವರ್ಷದವರೇ. ನೌಕಾ ಅಕಾಡೆಮಿಯಲ್ಲಿ ಅದನ್ನ ತಡೆಯೋಕೆ 1874ರಲ್ಲಿ ಅಲ್ಲಿನ ಸಂಸತ್ತೇ ಕಾನೂನು ಮಾಡಬೇಕಾಯಿತು. ಹೋದ ವರ್ಷ ಒದೆ ತಿಂದವನು ಈ ವರ್ಷ ಒದೀತಾನೆ. ಒಂದೇ ಮೆಟ್ಟಿಲು ಮೇಲೆ, ಅಷ್ಟೆ. ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಅಂದದ್ದು ಇನ್ನೇನು? ನಮ್ಮ ಹಾಸ್ಟೆಲಿನಲ್ಲೂ ಸೆಕೆಂಡ್ ಇಯರ್ ಆದ ಕೂಡಲೇ ಹಳ್ಳಿಯಿಂದ ಬಂದ ಹೊಸ ತಮ್ಮನ ಕೈಲಿ ಬಟ್ಟೆ ಒಗೆಸಿಕೊಂಡವರು ಇದ್ದರು. ನಾವೂ ನೋಡಿ ಸುಮ್ಮನಿದ್ದೆವು. ಆಗ ಮಾತ್ರ ಮೇಷ್ಟ್ರ ಅರ್ಥ ನಮಗೆ ಒಪ್ಪುತ್ತಿತ್ತು.

ಎರಡನೇ ವರ್ಷಕ್ಕೆ ಕಾಲಿಟ್ಟ ತಮ್ಮಂದಿರೇ, ತಂಗಿಯರೇ, ನಿಮ್ಮ ಮೇಷ್ಟ್ರು ಬೋರ್ಡಿನ ಮೇಲೆ ಈ ಪದ ಬರೆದರೆ ಕೂರಬೇಡಿ. ಸೋಫಮ್ ಅಂದರೇನು ಅಂತ ಹೇಳಿ. ಹೇಳಿ ಮುಗಿಸಿ ಮೊದಲಿನ ಪ್ರಶ್ನೆಯನ್ನೇ ಮತ್ತೆ ಕೇಳಿ: ಸ್ಕಾಲರ್‌ಶಿಪ್ ಎಲ್ಲಿ ಸಾರ್?