ಹೊಸ ಕ್ಯಾನ್ಸರ್ ಔಷಧ: ಬೆಲೆ ತಾನಾಗಿ ಇಳಿಯದು

ಮುಂಬೈನಲ್ಲಿರುವ ಕನ್ನಡಿಗರಿಗೆ ಊರಿನಿಂದ ಬರುವ ಒಂದು ಬಗೆಯ ಫೋನ್ ಚೆನ್ನಾಗಿ ಗೊತ್ತು. ಕುಶಲೋಪರಿ ಬೇಗ ಮುಗಿಯುತ್ತದೆ. ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. ಕೊನೆಗೆ, ‘ಟಾಟಾ ದವಾಖಾನಿ ನಿಮ್ಮ ಮನಿಯಿಂದ ಎಷ್ಟ ದೂರ ಆಗ್ತದ?’ ಎಂಬ ಪ್ರಶ್ನೆ. ಪರೇಲ್‌ನ ಟಾಟಾ ಸ್ಮಾರಕ ಆಸ್ಪತ್ರೆಯ ಹೆಸರು ಬಂತೆಂದರೆ ಮುಂದಿನದು ಕೇಳದೆಯೇ ತಿಳಿಯುತ್ತದೆ.

ಕಳೆದ ವರ್ಷ ನನಗೆ ಅಂಥ ಫೋನ್ ಬಂದದ್ದು ಬಾಗಲಕೋಟೆ ಕಡೆಯ ನಮ್ಮೂರಿನಿಂದ, ಕಾಕಾನ ಮಗನಿಂದ. ಕಾಕಾಗೆ ಬಾಯಿ ಕ್ಯಾನ್ಸರ್. ಆಪರೇಷನ್, ರೇಡಿಯೇಷನ್ ಎಲ್ಲ ಮುಗಿದು ಎಂಟು ತಿಂಗಳಿಗೆ ಮತ್ತೆ ಕಾಣಿಸಿಕೊಂಡಿತ್ತು. ಡಾಕ್ಟರು ಇಮ್ಯುನೋಥೆರಪಿ ಎಂಬ ಹೊಸ ಚಿಕಿತ್ಸೆ ಇದೆ ಎಂದಿದ್ದರು. ಪೂರ್ತಿ ಡೋಸ್ ಕೊಡುವುದಾದರೆ ಖರ್ಚು ಲಕ್ಷಗಳಲ್ಲಿ, ಅದೂ ಒಂದು ಸಲಕ್ಕೆ ಮುಗಿಯುವುದಿಲ್ಲ ಎಂದೂ ಹೇಳಿದ್ದರು. ತಮ್ಮನ ಪ್ರಶ್ನೆ ಎರಡೇ: ‘ಎರಡ ಎಕರೆ ಹೊಲ ಮಾರಿದ್ರ ಸಾಕಾಗ್ತದೇನಣ್ಣಾ? ಇಲ್ಲಾ, ಒಂದೆರಡ ವರ್ಷದಾಗ ರೇಟ್ ಇಳೀತದೇನು?’

ನಾನು ಡಾಕ್ಟರ್ ಅಲ್ಲ, ಸಾಫ್ಟ್‌ವೇರ್ ಬರೆಯುವವನು. ಮೊದಲನೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಎರಡನೆಯದಕ್ಕೆ ಉತ್ತರ ಸಿಕ್ಕೀತೆಂದು ಔಷಧ ಮಾರುಕಟ್ಟೆಯ ವರದಿಗಳನ್ನು ಓದಲು ಕುಳಿತೆ.

ವರದಿಗಳಲ್ಲಿ ನಿರಾಶೆಯ ಮಾತೇ ಇಲ್ಲ. ಔಷಧ ವ್ಯಾಪಾರದ ಅಂಕಿಅಂಶ ಇಡುವ ಐಕ್ಯೂವಿಐಎ ಸಂಸ್ಥೆಯ ಪ್ರಕಾರ, 2024ರಲ್ಲಿ ಜಗತ್ತು ಕ್ಯಾನ್ಸರ್ ಔಷಧಗಳಿಗೆ ಖರ್ಚು ಮಾಡಿದ್ದು 25,200 ಕೋಟಿ ಡಾಲರ್. 2029ರ ಹೊತ್ತಿಗೆ ಅದು 44,100 ಕೋಟಿ ಡಾಲರ್ ಆಗಲಿದೆ ಎಂಬುದು ಅಂದಾಜು. ಅಮೆರಿಕದ ಮರ್ಕ್ ಕಂಪನಿಯ ‘ಕೀಟ್ರೂಡಾ’ ಎಂಬ ಒಂದೇ ಇಂಜೆಕ್ಷನ್ 2024ರಲ್ಲಿ ಸುಮಾರು 2,950 ಕೋಟಿ ಡಾಲರ್‌ಗೆ ಮಾರಾಟವಾಗಿದೆ. 2023ರಲ್ಲಿ ಫೈಜರ್ ಕಂಪನಿ ಕ್ಯಾನ್ಸರ್ ಔಷಧಗಳನ್ನೇ ನೆಚ್ಚಿಕೊಂಡಿದ್ದ ಸೀಜೆನ್ ಎಂಬ ಕಂಪನಿಯನ್ನು 4,300 ಕೋಟಿ ಡಾಲರ್ ಕೊಟ್ಟು ಕೊಂಡಿತು.

ಷೇರು ಕೊಳ್ಳುವವರಿಗೆ ಇದು ಒಳ್ಳೆಯ ಸುದ್ದಿ. ಆದರೆ ಈ ಲೆಕ್ಕ ಹೇಳುವುದು ಹಣದ ಕಥೆಯನ್ನು, ರೋಗಿಗಳ ಕಥೆಯನ್ನಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಹೊಸದಾಗಿ ಕ್ಯಾನ್ಸರ್ ಪತ್ತೆಯಾದವರು ಸುಮಾರು 14 ಲಕ್ಷ, ಸತ್ತವರು ಸುಮಾರು 9 ಲಕ್ಷ. ನಮ್ಮಂಥ ದೇಶಗಳಲ್ಲಿ ಇಮ್ಯುನೋಥೆರಪಿಯ ಪೂರ್ತಿ ಡೋಸ್ ಕೈಗೆಟಕುವುದು ನೂರರಲ್ಲಿ ಒಬ್ಬರಿಂದ ಮೂವರಿಗೆ ಮಾತ್ರ ಎಂದು ಟಾಟಾ ಆಸ್ಪತ್ರೆಯ ವೈದ್ಯರೇ ಬರೆದಿದ್ದಾರೆ. ಮಾರುಕಟ್ಟೆ ಬೆಳೆಯುತ್ತಿರುವುದು ಉಳಿದ ತೊಂಬತ್ತೇಳು ಮಂದಿಯನ್ನು ಹೊರಗಿಟ್ಟೇ.

ಹಾಗಾದರೆ ಬೆಲೆ ಇಳಿಯುವುದೇ ಇಲ್ಲವೇ? ಇಳಿಯುತ್ತದೆ, ಇಳಿದಿದೆ ಕೂಡ. ಆದರೆ ಎಷ್ಟು, ಯಾವಾಗ ಎಂಬುದು ಔಷಧ ಯಾವ ಜಾತಿಯದು ಎಂಬುದರ ಮೇಲೆ ನಿಂತಿದೆ.

ಮೊದಲನೆಯದು ಮಾತ್ರೆ. ಅದು ನಮ್ಮ ಸಾಫ್ಟ್‌ವೇರ್‌ನಂತೆ. ಮೊದಲ ಪ್ರತಿಗೆ ಕೋಟಿಗಟ್ಟಲೆ ಖರ್ಚು, ಆಮೇಲಿನ ಪ್ರತಿಗಳಿಗೆ ಪುಡಿಗಾಸು. ಪೇಟೆಂಟ್ ಎಂಬ ಬೀಗ ತೆಗೆದರೆ ಬೆಲೆ ಪಾತಾಳಕ್ಕೆ ಇಳಿಯುತ್ತದೆ. ರಕ್ತದ ಕ್ಯಾನ್ಸರ್‌ಗೆ ಕೊಡುವ ಇಮ್ಯಾಟಿನಿಬ್ ಇದಕ್ಕೆ ಹಳೆಯ ಉದಾಹರಣೆ. ನೊವಾರ್ಟಿಸ್ ಕಂಪನಿಯ ‘ಗ್ಲಿವೆಕ್’ ಮಾತ್ರೆಗೆ ತಿಂಗಳಿಗೆ ₹1.2 ಲಕ್ಷದಷ್ಟಾಗುತ್ತಿತ್ತು. ಭಾರತೀಯ ಕಂಪನಿಗಳ ಅದೇ ಮಾತ್ರೆ ಹತ್ತು ಸಾವಿರದ ಒಳಗೆ ಸಿಗುತ್ತಿತ್ತು. ಹಳೆಯ ಔಷಧದ ರೂಪವನ್ನು ತುಸು ಬದಲಿಸಿದ ಮಾತ್ರಕ್ಕೆ ಹೊಸ ಪೇಟೆಂಟ್ ಕೊಡಲಾಗದು ಎಂಬ ನಮ್ಮ ಕಾಯ್ದೆಯ 3(ಡಿ) ಸೆಕ್ಷನ್ ಎತ್ತಿಹಿಡಿದು, 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟ್ ಕಂಪನಿಯ ಅರ್ಜಿಯನ್ನು ತಳ್ಳಿಹಾಕಿತು. ಅದಕ್ಕೂ ಒಂದು ವರ್ಷ ಮೊದಲು, 2012ರ ಮಾರ್ಚ್‌ನಲ್ಲಿ, ಬಾಯರ್ ಕಂಪನಿಯ ‘ನೆಕ್ಸಾವರ್’ ಮಾತ್ರೆ ತಯಾರಿಸಲು ಹೈದರಾಬಾದಿನ ನ್ಯಾಟ್ಕೊ ಕಂಪನಿಗೆ ಸರ್ಕಾರ ಕಡ್ಡಾಯ ಪರವಾನಗಿ ಕೊಟ್ಟಿತ್ತು. ದೇಶದಲ್ಲಿ ಅದೇ ಮೊದಲು. ತಿಂಗಳಿಗೆ ₹2.80 ಲಕ್ಷ ಇದ್ದ ಖರ್ಚು ₹8,800ಕ್ಕೆ ಬಂತು.

ಎರಡನೆಯದು ಆ್ಯಂಟಿಬಾಡಿ, ಅಂದರೆ ಜೀವಕೋಶಗಳಲ್ಲಿ ಬೆಳೆಸಿ ತೆಗೆಯುವ ದೊಡ್ಡ ಪ್ರೋಟೀನು. ಕಾಕಾಗೆ ಹೇಳಿದ್ದು ಈ ಜಾತಿಯ ಔಷಧ. ಇದನ್ನು ಮಾತ್ರೆಯಂತೆ ಹಾಗೇ ನಕಲು ಮಾಡಲಾಗದು. ನಿಮ್ಮ ಮನೆಯ ಹೆಪ್ಪನ್ನೇ ತಂದು ಹಾಕಿದರೂ ನಮ್ಮ ಮನೆಯ ಮೊಸರಿನ ರುಚಿ ಬೇರೆಯಾಗುವಂತೆ, ಜೀವಕೋಶ ಬದಲಾದರೆ, ತಯಾರಿಯ ಕ್ರಮ ಬದಲಾದರೆ ಔಷಧವೂ ಸ್ವಲ್ಪ ಬದಲಾಗುತ್ತದೆ. ಆದ್ದರಿಂದ ‘ಮೂಲ ಔಷಧಕ್ಕೆ ಸಮನಾಗಿದೆ’ ಎಂದು ಪರೀಕ್ಷೆ ನಡೆಸಿ ತೋರಿಸಬೇಕು. ಇಂಥವಕ್ಕೆ ಬಯೋಸಿಮಿಲರ್ ಎಂದು ಹೆಸರು. ಕಾರ್ಖಾನೆಗೂ ಪರೀಕ್ಷೆಗೂ ಹಣ ಬೇಕಾಗುವುದರಿಂದ ಈ ಅಖಾಡಕ್ಕೆ ಇಳಿಯುವ ಕಂಪನಿಗಳು ಕಡಿಮೆ, ಬೆಲೆ ಇಳಿಯುವುದೂ ನಿಧಾನ.

ಇಲ್ಲಿ ನಮ್ಮ ಬೆಂಗಳೂರಿನ ಪಾಲು ದೊಡ್ಡದು. ಸ್ತನ ಕ್ಯಾನ್ಸರ್‌ಗೆ ಕೊಡುವ ಟ್ರಾಸ್ಟುಜುಮಾಬ್‌ನ ಬಯೋಸಿಮಿಲರ್ ಅನ್ನು ಬಯೋಕಾನ್ 2014ರಲ್ಲಿ ಭಾರತದ ಮಾರುಕಟ್ಟೆಗೆ ತಂದಿತು. 2017ರ ಡಿಸೆಂಬರ್‌ನಲ್ಲಿ ಮೈಲಾನ್ ಜೊತೆಗೂಡಿ ಅಮೆರಿಕದಲ್ಲೂ ಅನುಮತಿ ಪಡೆಯಿತು. ಆ ಔಷಧದ ಬಯೋಸಿಮಿಲರ್‌ಗೆ ಅಲ್ಲಿ ಸಿಕ್ಕ ಮೊದಲ ಅನುಮತಿ ಅದು. ಆದರೆ 2014ರಲ್ಲಿ ಬಂದಾಗ ಬೆಲೆ ಮೂಲ ಔಷಧಕ್ಕಿಂತ ನೂರಕ್ಕೆ ಇಪ್ಪತ್ತೈದರಷ್ಟು ಮಾತ್ರ ಕಡಿಮೆ ಇತ್ತು. ಬೇರೆ ಕಂಪನಿಗಳೂ ಬಂದು ಪೈಪೋಟಿ ಹೆಚ್ಚಿದ ಮೇಲೆಯೇ ಬೆಲೆ ಇನ್ನಷ್ಟು ಇಳಿದದ್ದು. ಮಾತ್ರೆಯಲ್ಲಿ ಒಂದೇ ಏಟಿಗೆ ಆದದ್ದು ಇಲ್ಲಿ ಆಗಲು ವರ್ಷಗಳು ಬೇಕು.

ಕೀಟ್ರೂಡಾದ ಮುಖ್ಯ ಪೇಟೆಂಟ್ ಅಮೆರಿಕದಲ್ಲಿ 2028ಕ್ಕೆ ಮುಗಿಯಲಿದೆ. ಬಯೋಸಿಮಿಲರ್ ತಯಾರಿಸುವವರು ಕಾದು ಕುಳಿತಿದ್ದಾರೆ. ಕಂಪನಿಯೂ ಸುಮ್ಮನೆ ಕುಳಿತಿಲ್ಲ. ನರಕ್ಕೆ ಡ್ರಿಪ್ ಹಾಕುವ ಬದಲು ಚರ್ಮದ ಕೆಳಗೆ ಒಂದೆರಡು ನಿಮಿಷದಲ್ಲಿ ಚುಚ್ಚುವ ಹೊಸ ರೂಪಕ್ಕೆ 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅನುಮತಿ ಪಡೆದಿದೆ. ರೋಗಿಗೆ ಅದು ಅನುಕೂಲವೇ, ಅನುಮಾನವಿಲ್ಲ. ಆದರೆ ಹಳೆಯ ರೂಪದ ಪೇಟೆಂಟ್ ಮುಗಿಯುವ ಮೊದಲೇ ರೋಗಿಗಳು ಹೊಸದಕ್ಕೆ ಹೋದರೆ ಅಗ್ಗದ ಪ್ರತಿಗೆ ಗಿರಾಕಿ ಕಡಿಮೆಯಾಗುತ್ತಾರೆ ಎಂಬ ಲೆಕ್ಕವೂ ಅದರಲ್ಲಿದೆ.

ಮೂರನೆಯದು ಕಾರ್-ಟಿ ಚಿಕಿತ್ಸೆ. ಕೆಲವು ಬಗೆಯ ರಕ್ತದ ಕ್ಯಾನ್ಸರ್‌ಗಳಿಗೆ ಕೊಡುವಂಥದ್ದು. ರೋಗಿಯ ರಕ್ತದಿಂದಲೇ ಟಿ ಜೀವಕೋಶಗಳನ್ನು ತೆಗೆದು, ಲ್ಯಾಬಿನಲ್ಲಿ ಅವುಗಳಿಗೆ ಕ್ಯಾನ್ಸರ್ ಗುರುತಿಸುವ ಜೀನ್ ಸೇರಿಸಿ, ಬೆಳೆಸಿ, ಮತ್ತೆ ಅದೇ ರೋಗಿಗೆ ಕೊಡುತ್ತಾರೆ. ಒಬ್ಬರಿಗೆ ಮಾಡಿದ್ದು ಇನ್ನೊಬ್ಬರಿಗೆ ಬರುವುದಿಲ್ಲ. ಮಾತ್ರೆ ಸಾಫ್ಟ್‌ವೇರ್ ಆದರೆ ಇದು ಅಳತೆ ಕೊಟ್ಟು ಹೊಲಿಸುವ ಅಂಗಿ. ಪೇಟೆಂಟ್ ಮುಗಿದರೂ ಪ್ರತಿ ಅಂಗಿಯನ್ನು ಹೊಸದಾಗಿಯೇ ಹೊಲಿಯಬೇಕು. ಹಾಗಾಗಿ ಇಲ್ಲಿ ಬೆಲೆ ಇಳಿಸಲು ಇರುವ ದಾರಿ ಒಂದೇ: ಹೊಲಿಯುವ ಕೆಲಸವನ್ನೇ ಅಗ್ಗವಾಗಿಸುವುದು.

ಅದನ್ನು ಮಾಡಿ ತೋರಿಸಿದ್ದು ಮುಂಬೈ. 2017ರಲ್ಲಿ ಅಮೆರಿಕಕ್ಕೆ ಬಂದ ಮೊದಲ ಕಾರ್-ಟಿ ಚಿಕಿತ್ಸೆ ‘ಕಿಮ್ರಿಯಾ’ದ ಬೆಲೆ 4.75 ಲಕ್ಷ ಡಾಲರ್ ಇತ್ತು. ಐಐಟಿ ಬಾಂಬೆಯ ರಾಹುಲ್ ಪುರ್ವಾರ್ ಅವರ ಲ್ಯಾಬ್ ಮತ್ತು ಟಾಟಾ ಆಸ್ಪತ್ರೆಯ ವೈದ್ಯರು ಸೇರಿ ರೂಪಿಸಿದ ‘ನೆಕ್ಸ್‌ಕಾರ್19’ಗೆ 2023ರ ಅಕ್ಟೋಬರ್‌ನಲ್ಲಿ ಅನುಮತಿ ಸಿಕ್ಕಿತು. ಅದರ ಬೆಲೆ ಅಮೆರಿಕದ್ದರ ಹತ್ತನೇ ಒಂದು ಭಾಗದ ಆಸುಪಾಸು. 2025ರ ಜನವರಿಯಲ್ಲಿ ಬೆಂಗಳೂರಿನ ಇಮ್ಯುನೀಲ್ ಕಂಪನಿ ಸ್ಪೇನ್‌ನ ಬಾರ್ಸಿಲೋನಾದ ಆಸ್ಪತ್ರೆಯೊಂದರ ತಂತ್ರಜ್ಞಾನ ಪಡೆದು ‘ಕಾರ್ಟೆಮಿ’ ಎಂಬ ಚಿಕಿತ್ಸೆಯನ್ನು ತಂದಿದೆ. ಇಷ್ಟಾದರೂ ಖರ್ಚು ಹತ್ತಾರು ಲಕ್ಷಗಳಲ್ಲೇ ಇದೆ. ಅಮೆರಿಕದವರಿಗೆ ಅದು ಅಗ್ಗ, ಬಾಗಲಕೋಟೆಯ ರೈತನಿಗಲ್ಲ.

ನನ್ನ ಆತಂಕ ಇರುವುದು ಇಲ್ಲಿಯೇ. ಭಾರತ ‘ಬಡವರ ಔಷಧಾಲಯ’ ಎನಿಸಿಕೊಂಡದ್ದು ಮಾತ್ರೆಗಳ ಕಾಲದಲ್ಲಿ. ಮುಂದಿನ ಹತ್ತು ವರ್ಷಗಳಲ್ಲಿ ಕ್ಯಾನ್ಸರ್‌ಗೆ ಬರುವ ದೊಡ್ಡ ಔಷಧಗಳಲ್ಲಿ ಬಹಳಷ್ಟು ಎರಡನೆಯ, ಮೂರನೆಯ ಜಾತಿಯವು. ಆ್ಯಂಟಿಬಾಡಿಗೆ ಕೀಮೋ ವಿಷವನ್ನು ಅಂಟಿಸಿ ನೇರ ಗಡ್ಡೆಗೆ ಒಯ್ಯುವ ಔಷಧಗಳು, ಒಂದೇ ಸಲಕ್ಕೆ ಎರಡು ಗುರಿ ಹಿಡಿಯುವ ಆ್ಯಂಟಿಬಾಡಿಗಳು ಸಾಲಾಗಿ ಬರುತ್ತಿವೆ. ಹಳೆಯ ದಾರಿ ನಂಬಿ ಕುಳಿತರೆ ಆಗದು.

ಸರ್ಕಾರ ಏನೂ ಮಾಡಿಲ್ಲ ಎನ್ನುವಂತಿಲ್ಲ. 2019ರಲ್ಲಿ 42 ಕ್ಯಾನ್ಸರ್ ಔಷಧಗಳ ಮೇಲಿನ ವ್ಯಾಪಾರಿಗಳ ಲಾಭಕ್ಕೆ ಶೇ 30ರ ಮಿತಿ ಹಾಕಿತು. 2024ರ ಜುಲೈ ಬಜೆಟ್‌ನಲ್ಲಿ ಮೂರು ದುಬಾರಿ ಔಷಧಗಳ ಆಮದು ಸುಂಕ ತೆಗೆದುಹಾಕಿತು, 2025ರ ಬಜೆಟ್‌ನಲ್ಲಿ ಇನ್ನೂ 36 ಜೀವರಕ್ಷಕ ಔಷಧಗಳಿಗೆ ವಿನಾಯಿತಿ ಕೊಟ್ಟಿತು. ಬಜೆಟ್ ದಿನದ ದೊಡ್ಡ ಶೀರ್ಷಿಕೆಗಳು ಇವೇ. ಆದರೆ ಲೆಕ್ಕ ಹಾಕಿ ನೋಡಿ. ಸುಂಕ ತೆಗೆದರೆ ಇಳಿಯುವುದು ನೂರಕ್ಕೆ ಹತ್ತರಷ್ಟು. ಪೈಪೋಟಿ ಬಂದರೆ ಇಳಿಯುವುದು ತೊಂಬತ್ತರವರೆಗೆ. ಎರಡು ಲಕ್ಷದ ಔಷಧ ಒಂದು ಲಕ್ಷ ಎಂಬತ್ತು ಸಾವಿರವಾದರೆ, ಹೊಲ ಮಾರಬೇಕಾದವನು ಆಗಲೂ ಹೊಲ ಮಾರಲೇಬೇಕು.

ಹೆಚ್ಚು ಫಲ ಕೊಟ್ಟ ಎರಡು ಕೆಲಸಗಳು ಅಷ್ಟಾಗಿ ಸುದ್ದಿಯಾಗಲಿಲ್ಲ. ಒಂದು, ಒಟ್ಟಾಗಿ ಕೊಳ್ಳುವುದು. ಟಾಟಾ ಆಸ್ಪತ್ರೆಯ ಮುಂದಾಳತ್ವದಲ್ಲಿ ಕೆಲಸ ಮಾಡುವ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್‌ನಲ್ಲಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆಯೂ ಸೇರಿದಂತೆ ನೂರಾರು ಆಸ್ಪತ್ರೆಗಳಿವೆ. ಅವುಗಳಲ್ಲಿ 23 ಆಸ್ಪತ್ರೆಗಳು ಸೇರಿ 40 ಔಷಧಗಳಿಗೆ ಒಂದೇ ಚೌಕಾಸಿ ಮಾಡಿದಾಗ ಸುಮಾರು ₹1,320 ಕೋಟಿ, ಅಂದರೆ ಶೇ 82ರಷ್ಟು ಉಳಿತಾಯವಾಯಿತು. ಸಂತೆಯಲ್ಲಿ ಊರಿನವರೆಲ್ಲ ಸೇರಿ ಬೀಜ, ಗೊಬ್ಬರ ಕೊಂಡರೆ ದರ ಇಳಿಯುವುದು ರೈತರಿಗೆ ಗೊತ್ತಿರುವ ಮಾತೇ.

ಇನ್ನೊಂದು, ಡೋಸ್ ಬಗ್ಗೆ ನಡೆದ ಸಂಶೋಧನೆ. ನಿವೊಲುಮಾಬ್ ಎಂಬ ಇಮ್ಯುನೋಥೆರಪಿ ಔಷಧವನ್ನು ಸಾಮಾನ್ಯವಾಗಿ ಎರಡು ವಾರಕ್ಕೊಮ್ಮೆ 240 ಮಿಲಿಗ್ರಾಂ ಕೊಡುತ್ತಾರೆ. ಬಾಯಿ, ಗಂಟಲು ಮುಂತಾದ ಭಾಗದ ಕ್ಯಾನ್ಸರ್ ಮುಂದುವರಿದ 151 ರೋಗಿಗಳ ಮೇಲೆ ಟಾಟಾ ಆಸ್ಪತ್ರೆಯ ವೈದ್ಯರು ಒಂದು ಪ್ರಯೋಗ ಮಾಡಿದರು. ಅರ್ಧದಷ್ಟು ರೋಗಿಗಳಿಗೆ ಅಗ್ಗದ ಮಾತ್ರೆಗಳ ಕೀಮೋ ಜೊತೆಗೆ ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ನಿವೊಲುಮಾಬ್ ಕೊಟ್ಟರು. ಮಾತ್ರೆಗಳನ್ನಷ್ಟೇ ಪಡೆದವರಲ್ಲಿ ಒಂದು ವರ್ಷ ಬದುಕಿದ್ದವರು ಶೇ 16.3. ಇಂಜೆಕ್ಷನ್ ಕೂಡ ಪಡೆದವರಲ್ಲಿ ಶೇ 43.4. ರೋಗ ಪೂರ್ತಿ ವಾಸಿಯಾಯಿತು ಎಂದು ಇದರರ್ಥವಲ್ಲ, ಎಲ್ಲ ಕ್ಯಾನ್ಸರ್‌ಗೂ ಇದು ಹೊಂದುತ್ತದೆ ಎಂದೂ ಅಲ್ಲ. ಆದರೆ ಖರ್ಚು ಹತ್ತನೇ ಒಂದಕ್ಕಿಂತ ಕಡಿಮೆ. ತನ್ನ ಔಷಧವನ್ನು ಕಡಿಮೆ ಕೊಟ್ಟರೂ ಸಾಕೇ ಎಂದು ಪರೀಕ್ಷಿಸಲು ಯಾವ ಕಂಪನಿಯೂ ಹಣ ಹಾಕುವುದಿಲ್ಲ. ಅದು ಸಾರ್ವಜನಿಕ ಹಣದಿಂದ, ಸಾರ್ವಜನಿಕ ಆಸ್ಪತ್ರೆಯಲ್ಲೇ ಆಗಬೇಕಾದ ಕೆಲಸ. ಬಜೆಟ್‌ನಲ್ಲಿ ಸುಂಕ ವಿನಾಯಿತಿಗಿಂತ ಮೊದಲು ನಾನು ಹುಡುಕುವುದು ಇಂಥ ಪ್ರಯೋಗಗಳಿಗೆ ಎಷ್ಟು ಇಟ್ಟಿದ್ದಾರೆ ಎಂಬುದನ್ನು.

ಹೊರಗೆ ದುಡಿಯುವ ನಮಗೂ ಒಂದು ಪಾಠವಿದೆ. ಇಮ್ಯುನೋಥೆರಪಿಯಂಥ ಆಧುನಿಕ ಚಿಕಿತ್ಸೆಗಳನ್ನು ಆರೋಗ್ಯ ವಿಮೆಯಿಂದ ಹೊರಗಿಡುವಂತಿಲ್ಲ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲೇ ಹೇಳಿದೆ. ಆದರೆ ಇಂತಿಷ್ಟೇ ಎಂದು ಒಳಮಿತಿ ಹಾಕಲು ಅವಕಾಶವಿದೆ. ಕಂಪನಿ ಕೊಡುವ ಪಾಲಿಸಿಯಲ್ಲಿ ಅಪ್ಪ ಅಮ್ಮನ ಹೆಸರು ಸೇರಿಸಿ ನಿಶ್ಚಿಂತರಾದವರು ಆ ಒಳಮಿತಿಯ ಪುಟವನ್ನು ಈಗಲೇ ತೆರೆದು ನೋಡಿ. ನನ್ನದನ್ನು ನಾನು ನೋಡಿದ್ದು ಕಾಕಾನ ಸುದ್ದಿ ಬಂದ ಮೇಲೆ.

ತಮ್ಮನಿಗೆ ನಾನು ಹೇಳಿದ್ದಿಷ್ಟು: ‘ರೇಟ್ ಇಳೀತದ, ಆದ್ರ ತಾನಾಗೇ ಅಲ್ಲ, ನಮ್ಮ ಗಡಿಬಿಡಿಗೂ ಅಲ್ಲ. ಹೊಲದ ಮಾತು ಆಮ್ಯಾಲ. ಮೊದಲ ಡಾಕ್ಟರಿಗೆ ಮೂರು ಮಾತು ಕೇಳು. ಈ ಔಷಧದಿಂದ ಎಷ್ಟ ತಿಂಗಳ ಹೆಚ್ಚಿಗಿ ಸಿಗಬಹುದು? ಇದರದು ಬಯೋಸಿಮಿಲರ್ ಐತೇನು? ಕಡಿಮಿ ಡೋಸ್ ಕಾಕಾಗ ನಡೀತದೇನು?’

ಮೂರನೆಯ ಪ್ರಶ್ನೆಗೆ ಡಾಕ್ಟರು ತಕ್ಷಣ ಹೂಂ ಎನ್ನಲಿಲ್ಲ. ರಿಪೋರ್ಟ್‌ಗಳನ್ನೆಲ್ಲ ಮತ್ತೆ ನೋಡಿ, ಒಂದು ವಾರ ಬಿಟ್ಟು ಒಪ್ಪಿದರು. ಕಾಕಾ ಮೂರು ವಾರಕ್ಕೊಮ್ಮೆ ಬಸ್ಸಿನಲ್ಲಿ ಆಸ್ಪತ್ರೆಗೆ ಹೋಗಿ ಬರುತ್ತಿದ್ದಾರೆ. ಮುಂದೇನು ಎಂದು ಯಾರೂ ಭರವಸೆ ಕೊಟ್ಟಿಲ್ಲ, ನಾವೂ ಕೇಳಿಲ್ಲ. ಹೊಲ ಸದ್ಯಕ್ಕೆ ಅವರ ಹೆಸರಿನಲ್ಲೇ ಇದೆ.