ರಂಗೋಲಿ ಸಿಗದ ದೀಪಾವಳಿ

2019ರ ದೀಪಾವಳಿಯಲ್ಲಿ ನಮ್ಮ ದೇಶದಲ್ಲೇ ಅತ್ಯಂತ ದುರ್ಲಭವಾಗಿದ್ದ ವಸ್ತು ಯಾವುದೆಂದು ಕೇಳಿದರೆ, ನಿಮ್ಮಲ್ಲಿ ಅನೇಕರು ತಡವರಿಸದೆ ‘ರಂಗೋಲಿ’ ಎನ್ನುವಿರಿ. ನಸುಕಿನಲ್ಲಿ ಮನೆಮನೆಯ ಹೊಸ್ತಿಲ ಮುಂದೆ ಮೂಡುವ ರಂಗೋಲಿಯಲ್ಲ. ಹಣ ಕಳಿಸಲು ಮೊಬೈಲಿನಲ್ಲಿ ಬಳಸುವ ಗೂಗಲ್ ಪೇಯವರು ಹಬ್ಬದ ನಿಮಿತ್ತ ಹೂಡಿದ್ದ ಆಟದ ರಂಗೋಲಿ. ಹಣತೆ, ಹೂವು, ಜುಮುಕಿ, ಆಕಾಶಬುಟ್ಟಿ, ರಂಗೋಲಿ ಎಂಬ ಐದು ಚಿತ್ರಗಳನ್ನು ಕೂಡಿಸಿದವರಿಗೆ 251 ರೂಪಾಯಿ. ಹಣ ಪಾವತಿ ಮಾಡಿದರೆ ಚಿತ್ರ ದೊರೆಯುತ್ತಿತ್ತು. ಸ್ನೇಹಿತರಿಂದ ಕೇಳಿ ಪಡೆಯಲೂ ಅವಕಾಶವಿತ್ತು. ಹಣತೆ, ಜುಮುಕಿಗಳು ರಾಶಿ ಬಿದ್ದವು. ಹೂವು ಅಪರೂಪವಾಯಿತು. ರಂಗೋಲಿಯಂತೂ ಬಹುಮಂದಿಗೆ ಕಣ್ಣಿಗೂ ಬೀಳಲಿಲ್ಲ. ಅಕ್ಟೋಬರ್ 31ಕ್ಕೆ ಮುಗಿಯಬೇಕಿದ್ದ ಆಟ ನವೆಂಬರ್ 11ರವರೆಗೆ ಬೆಳೆಯಿತು. ಜೊತೆಗೆ ಜನರ ಅಸಹನೆಯೂ, ಟ್ವಿಟರಿನ ತುಂಬ ಪರಿಹಾಸ್ಯವೂ ಬೆಳೆದವು.

ಜುಜುಬಿ 251 ರೂಪಾಯಿಗೆ ಇಷ್ಟು ಕೋಪವೇ ಎಂದು ನಕ್ಕವರಿದ್ದಾರೆ. ಆ ನಗೆ ನನಗೆ ಒಪ್ಪಿಗೆಯಿಲ್ಲ. ಆಟವನ್ನು ಕೆಟ್ಟದಾಗಿ ನಡೆಸಿದರು ಎಂಬ ದೂರನ್ನೂ ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಹಂಚುವವರಿಗೆ ಲೆಕ್ಕ ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿರದಿದ್ದುದು ಆಡುವವರಿಗೆ.

ಗಣಿತದ ಮೇಷ್ಟರ ಹಳೆಯ ಚಾಳಿಯನ್ನು ಸಹಿಸಿಕೊಳ್ಳಿ. ಐದೂ ಚಿತ್ರಗಳು ಸಮಾನವಾಗಿ ಬರುವಂತಿದ್ದರೆ, ಐದನ್ನೂ ಕೂಡಿಸಲು ಸರಾಸರಿ 11.4 ಪ್ರಯತ್ನಗಳು ಬೇಕು. ಅವುಗಳಲ್ಲಿ ಕೊನೆಯ ಒಂದು ಚಿತ್ರಕ್ಕೇ ಐದು ಪ್ರಯತ್ನಗಳು ವ್ಯಯವಾಗುತ್ತವೆ. ಈಗ ಒಂದು ಚಿತ್ರ ಮಾತ್ರ ನೂರಕ್ಕೊಮ್ಮೆ ಬರುವಂತಿದೆ ಎಂದು ಭಾವಿಸಿ. ಅದೊಂದಕ್ಕೇ ಸರಾಸರಿ ನೂರು ಪ್ರಯತ್ನ. ಮೇಲಾಗಿ, ನೂರು ಜನ ತಲಾ ನೂರು ಸಲ ಪ್ರಯತ್ನಿಸಿದರೂ ಸುಮಾರು 37 ಮಂದಿ ಬರಿಗೈಯಲ್ಲೇ ಉಳಿಯುತ್ತಾರೆ. ಆದರೆ ಆಡುವವನ ಕಣ್ಣಿಗೆ ಐದು ಮನೆಗಳಲ್ಲಿ ನಾಲ್ಕು ತುಂಬಿವೆ. ನೂರಕ್ಕೆ ಎಂಬತ್ತು ಅಂಕ ಬಂದಾಯಿತು ಎಂದು ಮನಸ್ಸು ಎಣಿಸುತ್ತದೆ. ವಾಸ್ತವದಲ್ಲಿ ಆತ ಇನ್ನೂ ಹೊಸ್ತಿಲನ್ನೇ ದಾಟಿಲ್ಲ. ಅವನು ಮರುಳಾದದ್ದು ದುರಾಸೆಯಿಂದಲ್ಲ, ಎಣಿಕೆಯಿಂದ.

1999ರಲ್ಲಿ ಬ್ರಿಟಾನಿಯಾ ಬಿಸ್ಕತ್ತಿನವರು ವಿಶ್ವಕಪ್ ಕ್ರಿಕೆಟ್ಟಿನ ಸಂದರ್ಭದಲ್ಲಿ ನಡೆಸಿದ ಯೋಜನೆ ನಿಮಗೆ ನೆನಪಿರಬೇಕು. ಪೊಟ್ಟಣದ ಮೇಲೆ ‘ರನ್’ಗಳು ಅಚ್ಚಾಗಿರುತ್ತಿದ್ದವು, ನೂರು ರನ್ ಕೂಡಿಸಿದರೆ ಒಂದು ಪುಸ್ತಿಕೆ, ಅದರೊಡನೆ ಅದೃಷ್ಟ ಪರೀಕ್ಷೆ. ಇಂಗ್ಲೆಂಡಿಗೆ ಹೋಗುವುದು ಅದೃಷ್ಟದ ಮಾತಾಗಿತ್ತಾದರೂ, ನೂರು ರನ್ ಎಂಬುದು ಶುದ್ಧ ಕೂಡುವ ಲೆಕ್ಕ. ಎಪ್ಪತ್ತು ಆಗಿದ್ದರೆ ಮೂವತ್ತು ಬಾಕಿ ಎಂಬುದು ಮೂರನೆಯ ತರಗತಿಯ ಮಗುವಿಗೂ ತಿಳಿಯುತ್ತಿತ್ತು. (ಆ ವರ್ಷ ಮಕ್ಕಳ ಹೊಟ್ಟೆಗೆ ಹೋದ ಬಿಸ್ಕತ್ತಿನ ವಿಚಾರ ಬೇರೆ.)

ಚಿತ್ರ ಕೂಡಿಸುವ ಆಟದ ಈ ವಂಚಕ ಗುಣವನ್ನು ಜಪಾನೀಯರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಬಹುಮಾನದ ಆಮಿಷಗಳನ್ನು ನಿಯಂತ್ರಿಸುವ ಅವರ 1962ರ ಕಾಯಿದೆಯ ಅಡಿಯಲ್ಲಿ, ಬಗೆಬಗೆಯ ಚಿತ್ರಗಳ ಪೂರ್ಣ ಕಟ್ಟನ್ನು ಜೋಡಿಸಿದವರಿಗೆ ಬಹುಮಾನ ಕೊಡುವ ಪದ್ಧತಿ ನಿಷಿದ್ಧ. ಮೊಬೈಲ್ ಆಟಗಳಲ್ಲಿ ಹಣ ತೆತ್ತು ಚಿತ್ರಗಳನ್ನು ಎತ್ತುವ ಪದ್ಧತಿಗೂ ಇದು ಅನ್ವಯಿಸುತ್ತದೆಂದು ಅಲ್ಲಿನ ಗ್ರಾಹಕ ವ್ಯವಹಾರಗಳ ಇಲಾಖೆ 2012ರಲ್ಲಿ ಸ್ಪಷ್ಟಪಡಿಸಿತು. ನಮ್ಮ ರಂಗೋಲಿಗೆ ಯಾರೂ ನೇರವಾಗಿ ಬೆಲೆ ತೆತ್ತಿಲ್ಲ, ನಿಜ. ಆದರೆ ಒಂದು ಚಿತ್ರಕ್ಕಾಗಿ ಮತ್ತೆ ಮತ್ತೆ ಪಾವತಿ ಮಾಡುವ, ಪರಿಚಿತರನ್ನೆಲ್ಲ ಅದೇ ಆಟಕ್ಕೆ ಎಳೆದು ತರುವ ದುಡಿಮೆಗೆ ಬೆಲೆಯಿಲ್ಲವೇ? ಜಾಹೀರಾತಿನ ವೆಚ್ಚವೆಂದು ಸಂಸ್ಥೆಗಳು ಲೆಕ್ಕ ಬರೆಯುವುದು ಇಂತಹ ದುಡಿಮೆಗೇ ಅಲ್ಲವೇ?

ನೆರೆಯ ತಮಿಳುನಾಡಿನಲ್ಲಿ ಬಹುಮಾನ ಯೋಜನೆಗಳನ್ನು ನಿಷೇಧಿಸುವ 1979ರ ಕಾಯಿದೆಯಿದೆ. ಅನೇಕ ಕೊಡುಗೆಗಳ ಅಡಿಯಲ್ಲಿ ‘ತಮಿಳುನಾಡಿಗೆ ಅನ್ವಯಿಸುವುದಿಲ್ಲ’ ಎಂಬ ಸಣ್ಣಕ್ಷರ ಕಾಣುವುದು ಅದರಿಂದಲೇ. ಅಷ್ಟು ಕಟ್ಟುನಿಟ್ಟು ಬೇಕೆಂದು ನಾನು ಹೇಳಲಾರೆ. ಹಬ್ಬದಲ್ಲಿ ಒಂದು ಆಟವಿರಲಿ. ನಮ್ಮ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು, ಬಹುಮಾನ ಯೋಜನೆ ಮುಗಿದ ಮೇಲೆ ಅದರ ಫಲಿತಾಂಶವನ್ನು ಭಾಗವಹಿಸಿದವರಿಂದ ಮುಚ್ಚಿಡುವುದನ್ನು ಅನುಚಿತ ವ್ಯಾಪಾರ ಪದ್ಧತಿ ಎಂದು ಪರಿಗಣಿಸುತ್ತದೆ. ಮುಗಿದ ಮೇಲೆ ತಿಳಿಸುವುದು ಸರಿ. ಆಡುವ ಮೊದಲೇ, ಯಾವ ಚಿತ್ರ ನೂರಕ್ಕೆ ಎಷ್ಟು ಸಲ ಬರುತ್ತದೆಂದು ಏಕೆ ತಿಳಿಸಬಾರದು?

2024ರ ದೀಪಾವಳಿಗೆ ಅದೇ ಸಂಸ್ಥೆ ಆರು ಲಡ್ಡುಗಳ ಆಟ ಹೂಡಿತು. 51ರಿಂದ 1001 ರೂಪಾಯಿವರೆಗೆ ಬಹುಮಾನ. ಈ ಬಾರಿ ‘ಟ್ವಿಂಕಲ್’ ಎಂಬ ಲಡ್ಡು ರಂಗೋಲಿಯ ಪೀಠವನ್ನೇರಿತು. ನಿಮ್ಮಲ್ಲಿ ಕೆಲವರು ಬೆಂಗಳೂರಿನಲ್ಲಿ ಇಂತಹ ತಂತ್ರಾಂಶಗಳನ್ನು ಬರೆಯುವವರೇ ಇದ್ದೀರಿ. ಮುಂದೆ ಇಂತಹುದೊಂದು ಆಟ ನಿಮ್ಮ ಕೈಗೆ ಬಂದರೆ, ಪ್ರತಿ ಚಿತ್ರದ ಕೆಳಗೆ ಆ ಒಂದು ಅಂಕಿಯನ್ನು ಕಾಣಿಸಿ. ಕೂಡದೆಂದು ಮೇಲಿನವರು ಹೇಳಿದರೆ, ಅವರು ಕೊಟ್ಟ ಕಾರಣವನ್ನು ನನಗೆ ಬರೆದು ತಿಳಿಸಿ.